ಥೈರಾಯ್ಡ್ ಮಾತ್ರೆ ಶುರುವಾದ ಮೇಲೂ ಸುಸ್ತು ಯಾಕೆ? ನರ್ಸಿಂಗ್ ಓದುವವರಿಗೆ ಟಿಪ್ಪಣಿ

ಹೈಪೋಥೈರಾಯ್ಡಿಸಂ, ಅಂದರೆ ಥೈರಾಯ್ಡ್ ಹಾರ್ಮೋನ್ ಕೊರತೆಯ ಪಾಠ ಬಂದಾಗ ನಾವೆಲ್ಲ ಲಕ್ಷಣಗಳನ್ನು ಉರು ಹೊಡೆಯುತ್ತೇವೆ. ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು, ಮಲಬದ್ಧತೆ. ಆದರೆ ಓಪಿಡಿಯಲ್ಲಿ ಜನ ಕೇಳುವ ಪ್ರಶ್ನೆಯೇ ಬೇರೆ: "ಮಾತ್ರೆ ಶುರು ಮಾಡಿ ಮೂರು ವಾರ ಆಯ್ತು ಸಿಸ್ಟರ್, ಸುಸ್ತು ಹಾಗೇ ಇದೆಯಲ್ಲ?" ಇದಕ್ಕೆ ಸರಿಯಾದ ಉತ್ತರ ಸಿಗದೆ ಎಷ್ಟೋ ಜನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೇ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಲೆಕ್ಕ. ಈ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್, ಅಂದರೆ ಥೈರಾಯ್ಡ್ ಗ್ರಂಥಿ ಮಾಡುವ ಟಿ4 ಹಾರ್ಮೋನೇ. ಅದರ ಅರ್ಧಾಯು, ಅಂದರೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 7 ದಿನ. ದಿನಾ ಅದೇ ಡೋಸ್ ತೆಗೆದುಕೊಂಡರೆ, ರಕ್ತದಲ್ಲಿ ಅದು ಮುಟ್ಟಬೇಕಾದ ಮಟ್ಟದ ಅರ್ಧಕ್ಕೆ ಬರಲು ಒಂದು ವಾರ ಬೇಕು. ಎರಡನೇ ವಾರಕ್ಕೆ ಮುಕ್ಕಾಲು, ಮೂರನೇ ವಾರಕ್ಕೆ ಶೇ. 87ರ ಆಸುಪಾಸು, ಐದನೇ ವಾರಕ್ಕೆ ಶೇ. 97. ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಟಿಎಸ್‌ಎಚ್ ಹಾರ್ಮೋನ್ ಕಳಿಸುವ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಇದಕ್ಕೆ ಹೊಂದಿಕೊಳ್ಳುವುದು ಇನ್ನೂ ತಡ. ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ, ಮೊದಲೇ ಮಾಡಿಸಿದರೆ ಸುಮ್ನೆ ಗಾಬರಿ.

ಇನ್ನೊಂದು ವಿಷಯ, ಶುರುವಿನ ಡೋಸ್ ಎಲ್ಲರಿಗೂ ಪೂರ್ತಿ ಡೋಸ್ ಆಗಿರುವುದಿಲ್ಲ. ವಯಸ್ಕರಿಗೆ ಪೂರ್ತಿ ಡೋಸ್ ದೇಹತೂಕದ ಪ್ರತಿ ಕೆಜಿಗೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ 60 ಕೆಜಿ ಇದ್ದವರಿಗೆ 100ರ ಹತ್ತಿರ. ಹೃದಯದ ತೊಂದರೆ ಇರುವವರಿಗೆ, ವಯಸ್ಸಾದವರಿಗೆ 12.5 ಅಥವಾ 25ರಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ಅವರಿಗೆ ಚೇತರಿಕೆಯೂ ಮೆಲ್ಲಗೇ.

ರಿಪೋರ್ಟ್ ಸರಿಯಾದ ತಕ್ಷಣ ಮೈಯೂ ಸರಿಯಾಗುವುದಿಲ್ಲ. ಹಾರ್ಮೋನ್ ಕೊರತೆಯಲ್ಲಿ ಸ್ನಾಯುಗಳು ಕುಗ್ಗಿದ ಮೇಲೆ ಮತ್ತೆ ಸಡಿಲವಾಗುವುದೇ ನಿಧಾನ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿ ನೋಡಿ: ಪಾದ ಪಟ್ಟನೆ ಕೆಳಗೆ ಹೋಗುತ್ತದೆ, ವಾಪಸ್ ಬರುವುದು ಮಾತ್ರ ತಡವಾಗಿ. ಮೆಟ್ಟಿಲು ಹತ್ತುವಾಗ ತೊಡೆ ಭಾರ ಅನ್ನುವವರು ನೆಪ ಹೇಳುತ್ತಿಲ್ಲ. ಇದು ಪೂರ್ತಿ ಸರಿಹೋಗಲು ಕೆಲವು ತಿಂಗಳೇ ಬೇಕಾಗಬಹುದು, ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕು.

ಈಗ ಕಾಫಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎದ್ದ ತಕ್ಷಣ ಕಾಫಿ, ಅದರ ಜೊತೆಯಲ್ಲೇ ಮಾತ್ರೆ. ಕಾಫಿ ಈ ಮಾತ್ರೆಯನ್ನು ಕರುಳು ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ, ಕಾಫಿ ತಿಂಡಿ ಎಲ್ಲ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. "ಮಾತ್ರೆ ತಗೊಳ್ತೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಯಾವುದರ ಜೊತೆ, ಎಷ್ಟು ಹೊತ್ತಿಗೆ?" ಅಂತ ಕೇಳಿ, ಆಗ ವಿಷಯ ಹೊರಬರುತ್ತದೆ.

ಟಿಎಸ್‌ಎಚ್ ಸರಿಯಾಗಿ ಕೆಲವು ತಿಂಗಳಾದರೂ ಸುಸ್ತು ಬಿಡಲಿಲ್ಲ ಅಂದರೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬಾರದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ರಕ್ತಹೀನತೆ ಇರಬಹುದು. ಹಶಿಮೊಟೊ (ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ) ಇರುವವರಲ್ಲಿ ಬಿ12 ಕೊರತೆಯನ್ನೂ ನೆನಪಿಡಿ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಇವನ್ನೂ ಕೇಳಿ.

ದಿನ ಕಳೆಯುವುದು ಹೇಗೆ ಅಂತ ಕೇಳಿದರೆ ನಾನು ಹೇಳುವುದು ಇಷ್ಟು. ಮೈ ಹಗುರವಿರುವ ಹೊತ್ತಿನಲ್ಲಿ ಮುಖ್ಯ ಕೆಲಸ ಮುಗಿಸಿ. ಪೂರ್ತಿ ಸೋತ ಮೇಲೆ ಮಲಗುವುದಲ್ಲ, ಸೋಲುವ ಮೊದಲೇ ಕೂತು ಬಿಡಿ. ಒಂದು ದಿನ ಚೆನ್ನಾಗಿದೆ ಅಂತ ವಾರದ ಬಟ್ಟೆಯನ್ನೆಲ್ಲ ಒಗೆದು, ಮನೆ ಗುಡಿಸಿ ಒರೆಸಿ ಮುಗಿಸಿದರೆ ಮುಂದಿನ ಎರಡು ದಿನ ಏಳಲಾಗುವುದಿಲ್ಲ, ಅಲ್ವಾ? ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ಮಾರನೇ ದಿನ ಹೆಚ್ಚು ಸುಸ್ತಾಗದಿದ್ದರೆ ಮಾತ್ರ ಸ್ವಲ್ಪ ಏರಿಸಿ. ಹಗಲು ನಿದ್ದೆ ಅರ್ಧ ಗಂಟೆ ಮೀರದಿರಲಿ.

ಸುಸ್ತು ಹೋಗಲಿ ಅಂತ ಸ್ವಂತಕ್ಕೆ ಡೋಸ್ ಏರಿಸುವವರೂ ಇದ್ದಾರೆ. ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಡೋಸ್ ಜಾಸ್ತಿಯಾದ ಗುರುತು, ಹಾಗೇ ಮುಂದುವರಿದರೆ ಹೃದಯದ ಬಡಿತ ತಪ್ಪಬಹುದು, ಮೂಳೆ ಸವೆಯಬಹುದು. ಎದೆನೋವು ಬಂದರೆ, ಅಥವಾ ಮೈ ತಣ್ಣಗಾಗಿ ಮಂಪರು, ಗೊಂದಲ ಶುರುವಾದರೆ ಮುಂದಿನ ಓಪಿಡಿ ತಾರೀಕಿಗೆ ಕಾಯಬಾರದು, ಅವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಬೇಕು.