ಷಷ್ಟ್ಯಬ್ದಿ ಮಾಡಿಸಿಕೊಂಡವರು ಯಾಕೆ ಹೆಚ್ಚು ಬದುಕುತ್ತಾರೆ?

ಆಷಾಢದಲ್ಲಿ ಶಿರಸಿಯ ನಮ್ಮ ಮನೆಗೆ ಕರೆಂಟು ಬಂದರೆ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಬಂದರೆ ಕರೆಂಟು ಇರುವುದಿಲ್ಲ. ಎರಡೂ ಇದ್ದ ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಕಾರವಾರ ಕಡೆಯ ಹುಡುಗಿ, ಡಾಕ್ಟರು, ಪಿಜಿ ಮಾಡುತ್ತಿದ್ದಾಳೆ. "ಸರ್, ಮೆಟಾ ಅನಾಲಿಸಿಸ್ ಮುಗೀತು. ಮೆಟ್‌ಫಾರ್ಮಿನ್ ತಗೊಳ್ಳೋ ಶುಗರ್ ಪೇಷಂಟುಗಳಲ್ಲಿ ಕ್ಯಾನ್ಸರ್ ಕಡಿಮೆ. ಇಪ್ಪತ್ತಕ್ಕೂ ಹೆಚ್ಚು ಸ್ಟಡಿ ಇದೆ ಸರ್, ಡೈಮಂಡ್ ಗೆರೆಯ ಹತ್ತಿರಕ್ಕೂ ಬಂದಿಲ್ಲ. ನೀವು ಐ-ಸ್ಕ್ವೇರ್ ಒಂದು ನೋಡಿಕೊಟ್ಟರೆ ಸಾಕು."

ಮೆಟಾ ಅನಾಲಿಸಿಸ್ ಅಂದರೆ ಒಂದೇ ಪ್ರಶ್ನೆಯ ಹಲವು ಅಧ್ಯಯನಗಳನ್ನು ಕೂಡಿಸಿ ಒಂದು ಉತ್ತರ ತೆಗೆಯುವುದು. ಆ ಉತ್ತರವನ್ನು ಚಿತ್ರದಲ್ಲಿ ಡೈಮಂಡ್ ಆಕಾರದಲ್ಲಿ ಬರೆಯುತ್ತಾರೆ, ಗೆರೆ ಅಂದರೆ ಔಷಧದಿಂದ ಏನೂ ವ್ಯತ್ಯಾಸವಿಲ್ಲ ಎನ್ನುವ ಜಾಗ. ಅಧ್ಯಯನಗಳ ಉತ್ತರಗಳಲ್ಲಿ ಎಷ್ಟು ಭಿನ್ನಾಭಿಪ್ರಾಯವಿದೆ ಎಂದು ಹೇಳುವ ಅಂಕಿ ಐ-ಸ್ಕ್ವೇರ್. ಅದನ್ನು ನೋಡುವುದು ಎರಡು ನಿಮಿಷದ ಕೆಲಸ. ನಾನು ಬೇರೆಯದನ್ನೇ ಕೇಳಿದೆ: "ತಂಗಿ, ಆ ಸ್ಟಡಿಗಳಲ್ಲಿ ರೋಗಿಯ ದಿನ ಎಣಿಸೋಕೆ ಶುರು ಮಾಡಿದ್ದು ಯಾವತ್ತಿನಿಂದ?" ಆ ಕಡೆಯಿಂದ ಮಳೆಯ ಸದ್ದು ಮಾತ್ರ ಕೇಳಿಸಿತು.

ಇದು ಅವಳೊಬ್ಬಳ ಕಥೆಯಲ್ಲ. ವೈದ್ಯಕೀಯ ಸಂಖ್ಯಾಶಾಸ್ತ್ರದ ಹೆಸರಿನಲ್ಲಿ ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಮಂದಿ ಇದೇ ಜಾಗದಲ್ಲಿ ಎಡವುತ್ತಾರೆ. ಸಾಫ್ಟ್‌ವೇರ್ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಫಾರೆಸ್ಟ್ ಪ್ಲಾಟಿಗೆ, ಅಂದರೆ ಆ ಡೈಮಂಡಿನ ಚಿತ್ರಕ್ಕೆ, ಬಣ್ಣ ಹಾಕಿ ತರುತ್ತಾರೆ. ಆದರೆ ತಪ್ಪಿರುವ ಅಧ್ಯಯನಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಕೂಡಿಸಿದರೆ ತಪ್ಪು ತಾನಾಗಿ ಕಳೆದುಹೋಗುತ್ತದೆ ಎಂಬ ನಂಬಿಕೆ ಮಾತ್ರ ಹೋಗುವುದೇ ಇಲ್ಲ.

ಆ ರಾತ್ರಿ ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಮ್ಮ ಸೀಮೆಯ ಪುರೋಹಿತರೊಬ್ಬರ ವಹಿ ಸಿಕ್ಕಿತು ಎಂದುಕೊಳ್ಳಿ. ಊರಲ್ಲಿ ನಲವತ್ತು ದಾಟಿದ ಗಂಡಸರ ಹೆಸರೆಲ್ಲ ಬರೆದು ಎರಡು ಪಾಲು ಮಾಡಿ: ಷಷ್ಟ್ಯಬ್ದಿ ಶಾಂತಿ ಮಾಡಿಸಿಕೊಂಡವರದು ಒಂದು, ಮಾಡಿಸಿಕೊಳ್ಳದವರದು ಇನ್ನೊಂದು. ಯಾವ ಪಾಲಿನವರು ಹೆಚ್ಚು ವರ್ಷ ಬದುಕಿದರು ನೋಡಿ. ಶಾಂತಿ ಮಾಡಿಸಿಕೊಂಡವರೇ, ಅದೂ ಭಾರಿ ಅಂತರದಲ್ಲಿ. 45ಕ್ಕೆ ಹಾರ್ಟ್ ಅಟ್ಯಾಕ್ ಆದವನು, 52ಕ್ಕೆ ಅಡಿಕೆ ಕೊನೆ ಕೊಯ್ಯಲು ಹತ್ತಿದ ಮರದಿಂದ ಬಿದ್ದವನು, 58ಕ್ಕೆ ಕಿಡ್ನಿ ಕೈಕೊಟ್ಟವನು, ಇವರೆಲ್ಲ ಎರಡನೆಯ ಪಾಲಿಗೇ ಹೋಗುತ್ತಾರೆ. ಮೊದಲ ಪಾಲಿನಲ್ಲಿ ಅರವತ್ತರೊಳಗೆ ಸತ್ತವರು ಒಬ್ಬರೂ ಇಲ್ಲ. ಇರಲು ಸಾಧ್ಯವೂ ಇಲ್ಲ, ಯಾಕೆಂದರೆ ಆ ಪಾಲಿಗೆ ಸೇರಲು ಮೊದಲು ಅರವತ್ತು ಮುಟ್ಟಬೇಕು. ಎಣಿಕೆ ನಲವತ್ತರಿಂದ ಶುರು, ಹಣೆಪಟ್ಟಿ ಅಂಟಿಸಿದ್ದು ಅರವತ್ತಕ್ಕೆ. ನಡುವಿನ ಇಪ್ಪತ್ತು ವರ್ಷ ಶಾಂತಿಯ ಲೆಕ್ಕಕ್ಕೆ ಬಿಟ್ಟಿಯಾಗಿ ಜಮಾ.

ನಮ್ಮ ಕಸುಬಿನಲ್ಲಿ ಈ ಇಪ್ಪತ್ತು ವರ್ಷಕ್ಕೆ ಅಮರ ಕಾಲ ಎನ್ನುತ್ತಾರೆ. ಅವಳು ತಂದ ಅಧ್ಯಯನಗಳಲ್ಲಿ ಹಲವು ಹೀಗೇ ಇದ್ದವು. ಒಬ್ಬನಿಗೆ 2000ದಲ್ಲಿ ಸಕ್ಕರೆ ಕಾಯಿಲೆ ಗೊತ್ತಾಯಿತು, ಬೇರೆ ಮಾತ್ರೆ ನುಂಗಿದ, 2004ರಲ್ಲಿ ಮೆಟ್‌ಫಾರ್ಮಿನ್ ಶುರುವಾಯಿತು ಎಂದಿಟ್ಟುಕೊಳ್ಳಿ. ದಾಖಲೆಯಲ್ಲಿ ಅವನು 2000ದಿಂದಲೇ ಮೆಟ್‌ಫಾರ್ಮಿನ್ ಬಳಕೆದಾರ. ಅವನ ಪಕ್ಕದ ಮನೆಯವನಿಗೂ 2004ರಲ್ಲಿ ಅದೇ ಮಾತ್ರೆ ಬರುವುದಿತ್ತು, ಆದರೆ 2002ರಲ್ಲೇ ಕ್ಯಾನ್ಸರ್ ಬಂತು. ಅವನು ಬಳಸದವರ ಪಟ್ಟಿಗೆ ಹೋದ. ಹೀಗೆ ಎಣಿಸಿದರೆ ಮೆಟ್‌ಫಾರ್ಮಿನ್ ಬದಲು ಕಲ್ಲುಸಕ್ಕರೆ ಕೊಟ್ಟರೂ ಕ್ಯಾನ್ಸರ್ ಕಡಿಮೆಯಾದಂತೆ ಕಾಣುತ್ತದೆ. ಕೆನಡಾದ ಸಂಶೋಧಕರಾದ ಸುಇಸ್ಸಾ ಮತ್ತು ಅಜೂಲೇ 2012ರಲ್ಲೇ ಇದನ್ನು ಒಂದೊಂದು ಅಧ್ಯಯನ ಹಿಡಿದು ತೋರಿಸಿದ್ದರು. ಕೇಡು ಅದಕ್ಕೂ ಹಳೆಯದು: ಹೃದಯ ಕಸಿ ಮಾಡಿಸಿಕೊಂಡವರು ಹೆಚ್ಚು ಬದುಕುತ್ತಾರೆ ಎಂದು ಶಸ್ತ್ರವೈದ್ಯರು ಸಂಭ್ರಮಿಸುತ್ತಿದ್ದಾಗ, ಕಸಿಗಾಗಿ ಕಾಯುತ್ತಲೇ ತೀರಿಕೊಂಡವರನ್ನು ಯಾವ ಪಾಲಿಗೆ ಹಾಕಿದಿರಿ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಿಚೆಲ್ ಗೇಲ್ 1972ರಲ್ಲಿ ಕೇಳಿದ್ದ.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೊಡುವ ಉತ್ತರವನ್ನೇ ಅವಳೂ ಕೊಟ್ಟಳು: "ಆದರೆ ಸರ್, ಒಂದೊಂದರಲ್ಲೂ ವಯಸ್ಸು, ತೂಕ, ಸಿಗರೇಟು ಎಲ್ಲದಕ್ಕೂ ಅಡ್ಜಸ್ಟ್ ಮಾಡಿದ್ದಾರೆ. ಮೇಲಾಗಿ ಇಷ್ಟೊಂದು ಸ್ಟಡಿ."

ಅಡ್ಜಸ್ಟ್‌ಮೆಂಟಿನ ಮಾತು, ಅಂದರೆ ವಯಸ್ಸು ತೂಕಗಳ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸುವ ಮಾತು, ಹಾಗಿರಲಿ. ಎಣಿಕೆಯೇ ತಪ್ಪಾದಲ್ಲಿ ವಯಸ್ಸಿನ ಕಾಲಂ ಏನು ಮಾಡೀತು? "ಇಷ್ಟೊಂದು" ಎಂಬುದಕ್ಕೆ ಬರುತ್ತೇನೆ, ನನ್ನ ತಾಳ್ಮೆ ತಪ್ಪುವುದು ಅಲ್ಲೇ. ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ, ಅಂಕೋಲಾ, ಭಟ್ಕಳ, ಎಲ್ಲ ಕಡೆಯ ಪುರೋಹಿತರ ವಹಿ ತರಿಸಿ. ಒಂದೇ ಊರಿನ ಲೆಕ್ಕದಲ್ಲಿ ಜನ ಕಡಿಮೆ, ಹಾಗಾಗಿ ಅಂದಾಜಿನ ಎರಡೂ ಕಡೆ ಅಗಲವಾದ ಅನುಮಾನದ ಪಟ್ಟಿ (ಕಾನ್ಫಿಡೆನ್ಸ್ ಇಂಟರ್ವಲ್) ಇರುತ್ತದೆ, ನಿಜವಾದ ಉತ್ತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ಪಟ್ಟಿ. ಇಡೀ ಜಿಲ್ಲೆ ಕೂಡಿಸಿದಾಗ ಪಟ್ಟಿ ಕಿರಿದಾಗುತ್ತದೆ, ಪಿ ವ್ಯಾಲ್ಯೂನಲ್ಲಿ, ಅಂದರೆ ಬರೀ ಆಕಸ್ಮಿಕವಾಗಿ ಇಂಥ ಅಂತರ ಕಾಣುವ ಸಂಭವದಲ್ಲಿ, ಸೊನ್ನೆಗಳ ಸಾಲು ನಿಲ್ಲುತ್ತದೆ, ಷಷ್ಟ್ಯಬ್ದಿಯಿಂದ ಆಯುಷ್ಯ ಹೆಚ್ಚುವುದು ವೈಜ್ಞಾನಿಕವಾಗಿ ಸಾಬೀತಾಗುತ್ತದೆ! ಅದೃಷ್ಟದ ತಪ್ಪು ಒಮ್ಮೆ ಆಚೆ ಒಮ್ಮೆ ಈಚೆ ಬೀಳುವುದರಿಂದ ಕೂಡಿಸಿದಷ್ಟೂ ಒಂದಕ್ಕೊಂದು ವಜಾ ಆಗುತ್ತದೆ. ಎಣಿಕೆಯ ತಪ್ಪು ಎಲ್ಲ ಊರಲ್ಲೂ ಒಂದೇ ಕಡೆಗೆ ವಾಲಿರುತ್ತದೆ. ಅದು ವಜಾ ಆಗುವುದು ಯಾವುದರ ಜೊತೆ? ಡೈಮಂಡಿನ ಅಗಲ ಅಳೆಯುವುದು ಮೊದಲನೆಯ ತಪ್ಪನ್ನು ಮಾತ್ರ. ಎರಡನೆಯದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಎಷ್ಟು ದೊಡ್ಡವರು ಇದೇ ಹಳ್ಳಕ್ಕೆ ಬಿದ್ದಿದ್ದಾರೆ ಎಂದು ಹೇಳಿದರೆ ವಿದ್ಯಾರ್ಥಿಗಳಿಗೆ ಸ್ವಲ್ಪ ಸಮಾಧಾನ. ಮುಟ್ಟು ನಿಂತ ಹೆಂಗಸರಿಗೆ ಕೊಡುತ್ತಿದ್ದ ಹಾರ್ಮೋನು ಹೃದ್ರೋಗವನ್ನು ತಡೆಯುತ್ತದೆಯೇ ಎಂಬ ಬಗ್ಗೆ 1991ರಲ್ಲಿ ಸಂಶೋಧಕರಾದ ಸ್ಟ್ಯಾಂಪ್‌ಫರ್ ಮತ್ತು ಕೋಲ್ಡಿಟ್ಜ್ ಆವರೆಗಿನ ಅಧ್ಯಯನಗಳನ್ನು ಕೂಡಿಸಿದರು. ಬಂದದ್ದು 0.56, ಅಂದರೆ ಅಪಾಯ ಹತ್ತಿರ ಹತ್ತಿರ ಅರ್ಧ. ಅನುಮಾನದ ಪಟ್ಟಿ 0.50ರಿಂದ 0.61, ಎಷ್ಟು ಕಿರಿದು ನೋಡಿ. ಆಮೇಲೆ ಅಮೆರಿಕದಲ್ಲಿ 16,608 ಹೆಂಗಸರಿಗೆ ಚೀಟಿ ಎತ್ತಿದಂತೆ ಹಾರ್ಮೋನನ್ನೋ ಪೊಳ್ಳು ಮಾತ್ರೆಯನ್ನೋ ಹಂಚಿ ನೋಡಿದರು. 2002ರ ಜುಲೈನಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದ್ರೋಗ ಕಡಿಮೆಯಾಗುವುದಿರಲಿ, ಶೇ. 29ರಷ್ಟು ಹೆಚ್ಚೇ ಕಂಡಿತ್ತು. ಅಂತಿಮ ಲೆಕ್ಕದಲ್ಲಿ ಅದು 24ಕ್ಕೆ ಇಳಿಯಿತು, ಆ ಮಾತು ಬೇರೆ.

ಹಾರ್ಮೋನು ತೆಗೆದುಕೊಂಡವರು ಅನುಕೂಲಸ್ಥರು, ಆರೋಗ್ಯದ ಕಾಳಜಿ ಇದ್ದವರು, ಅದಕ್ಕೇ ಹೀಗಾಯಿತು ಎಂದು ಆಗ ಎಲ್ಲರೂ ಹೇಳಿದರು. ಅದೂ ಇದ್ದೀತು. ಆದರೆ 2008ರಲ್ಲಿ ಸಂಶೋಧಕ ಹರ್ನಾನ್ ಮತ್ತು ಜೊತೆಗಾರರು ದಾದಿಯರ ಮೇಲೆ ನಡೆದ ಹಳೆಯ ಅಧ್ಯಯನವನ್ನೇ ಮತ್ತೆ ಬಿಚ್ಚಿ, ಪ್ರತಿಯೊಬ್ಬಳ ಎಣಿಕೆಯನ್ನೂ ಹಾರ್ಮೋನು ಶುರು ಮಾಡಿದ ದಿನದಿಂದಲೇ ಹಿಡಿದರು. ಪ್ರಯೋಗಕ್ಕೂ ಅಧ್ಯಯನಕ್ಕೂ ಇದ್ದ ಜಗಳ ಬಹುಪಾಲು ಇಳಿದುಹೋಯಿತು. ಮೊದಲ ವರ್ಷಗಳಲ್ಲೇ ಪೆಟ್ಟು ತಿಂದವರು ಹಳೆಯ ಲೆಕ್ಕದಿಂದ ಜಾರಿಹೋಗಿದ್ದರು, ಉಳಿದವರು ಗಟ್ಟಿಗಿತ್ತಿಯರು. ಮತ್ತೆ ಅದೇ ಷಷ್ಟ್ಯಬ್ದಿ.

ನಮ್ಮ ಮಗ್ಗುಲಿನದೇ ಒಂದು ಉದಾಹರಣೆ ಕೊಡದಿದ್ದರೆ ಸಿದ್ದಾಪುರದವರು ನನ್ನನ್ನು ಬಿಡುವುದಿಲ್ಲ. ಮಂಗನ ಕಾಯಿಲೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಮಂಗ ಸತ್ತ ಕಡೆ, ಜ್ವರ ಕಂಡ ಕಡೆ ಸುತ್ತಲಿನ ಹಳ್ಳಿಗಳಿಗೆ ಲಸಿಕೆ ಹಾಕುತ್ತಿದ್ದರು. "ಲಸಿಕೆ ಹಾಕಿದ ಊರಲ್ಲೇ ಕಾಯಿಲೆ ಜಾಸ್ತಿ, ಲಸಿಕೆಯಿಂದಲೇ ಬಂತು" ಎಂದು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ಜೊತೆ ವಾದಕ್ಕೆ ನಿಂತಿದ್ದರು. ಬೆಂಕಿ ಬಿದ್ದ ಮನೆಯ ಮುಂದೆಯೇ ಅಗ್ನಿಶಾಮಕ ಗಾಡಿ ನಿಂತಿರುತ್ತದಲ್ಲ ಮಾರಾಯ್ರೇ ಎಂದೆ. ಇನ್ನೊಂದು ತುದಿಯೂ ಇದೆ. 2013ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಎರಡು ಡೋಸಿಗೆ ಶೇ. 62.4, ಬೂಸ್ಟರ್ ಕೂಡ ಆದವರಿಗೆ ಶೇ. 82.9 ರಕ್ಷಣೆ ಎಂದಿತ್ತು. ಆ ಲೇಖಕರು ತಪ್ಪಿದರು ಎನ್ನುವಷ್ಟು ಆಧಾರ ನನ್ನಲ್ಲಿಲ್ಲ, ಹಾಗೆ ಹೇಳುವುದೂ ಇಲ್ಲ. ಆದರೆ ಆ ಎರಡು ಅಂಕಿಯ ನಡುವಿನ ಅಂತರವೆಲ್ಲ ಬೂಸ್ಟರಿನದೇ ಎಂದು ಯಾರಾದರೂ ಅಂದರೆ ಪ್ರಶ್ನೆ ಕೇಳಲು ನಾನು ಕೈ ಎತ್ತುತ್ತೇನೆ. ಬೂಸ್ಟರಿಗೆ ಮತ್ತೆ ಮತ್ತೆ ಬಂದವರು ಯಾರು? ಅಷ್ಟರೊಳಗೆ ಕಾಯಿಲೆ ಬೀಳದವರು. ಸೂಜಿಯ ನೋವಿಗೆ ಹೆದರದವರು. ಬಹುಶಃ ಕಾಡಿಗೆ ಹೊರಡುವಾಗ ಈ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಎಣ್ಣೆಯನ್ನೂ ಮರೆಯದೆ ಹಚ್ಚಿಕೊಂಡವರು.

ಹೇಳಿದಂತೆ ಕೇಳುವ ರೋಗಿ ಬೇರೆಯದೇ ಜಾತಿ. 1980ರಲ್ಲಿ ಅಮೆರಿಕದ ಒಂದು ಹೃದ್ರೋಗ ಪ್ರಯೋಗದ ಲೆಕ್ಕ ಬಂತು. ಪೊಳ್ಳು ಮಾತ್ರೆಯ ಗುಂಪಿನಲ್ಲಿ, ಆ ಪೊಳ್ಳು ಮಾತ್ರೆಯನ್ನೇ ನಿಯಮದಿಂದ ನುಂಗಿದವರಲ್ಲಿ ಐದು ವರ್ಷದಲ್ಲಿ ಸತ್ತವರು ಶೇ. 15.1, ಸರಿಯಾಗಿ ನುಂಗದವರಲ್ಲಿ ಶೇ. 28.3. ನುಂಗಿದ್ದರಲ್ಲಿ ಔಷಧವೇ ಇರಲಿಲ್ಲ! ಈ ಎರಡು ಅಂಕಿಯನ್ನು ನನ್ನ ಮೇಜಿನ ಮುಂದಿನ ಗೋಡೆಗೆ ಅಂಟಿಸಿದ್ದೇನೆ. ನೋಡಿದವರು ಲಾಟರಿ ನಂಬರು ಎಂದುಕೊಳ್ಳುತ್ತಾರೆ.

ರ‍್ಯಾಂಡಮ್ ಎಫೆಕ್ಟ್ಸ್ ಬಗ್ಗೆಯೂ, ಅಂದರೆ ಒಂದೊಂದು ಅಧ್ಯಯನದ ನಿಜವಾದ ಉತ್ತರವೇ ಬೇರೆ ಬೇರೆ ಎಂದು ಒಪ್ಪಿಕೊಂಡು ಕೂಡಿಸುವ ವಿಧಾನದ ಬಗ್ಗೆಯೂ, ಎರಡು ಮಾತು. "ಐ-ಸ್ಕ್ವೇರ್ ಜಾಸ್ತಿ ಬಂತು ಸರ್, ಅದಕ್ಕೆ ರ‍್ಯಾಂಡಮ್ ಎಫೆಕ್ಟ್ಸ್ ಹಾಕಿದೆ" ಎನ್ನುತ್ತಾರೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಹಾಕಿದ ಹಾಗೆ. ಅದು ಮದ್ದಲ್ಲ. ಪಟ್ಟಿಯನ್ನು ಸ್ವಲ್ಪ ಅಗಲ ಮಾಡುತ್ತದೆ, ಜೊತೆಗೆ ಸಣ್ಣ ಅಧ್ಯಯನಗಳ ತೂಕ ಏರಿಸುತ್ತದೆ. ಬಿಸಿಜಿ ಲಸಿಕೆಯ 13 ಪ್ರಯೋಗಗಳನ್ನು ಹಾಗೆ ಕೂಡಿಸಿದರೆ 0.49 ಬರುತ್ತದೆ, ಕ್ಷಯ ಅರ್ಧ ಕಡಿಮೆ. ಆದರೆ ಒಳಗೆ ಇಣುಕಿ ನೋಡಿ: 52 ಡಿಗ್ರಿ ಅಕ್ಷಾಂಶದ ಬ್ರಿಟನ್ನಿನಲ್ಲಿ ಮುಕ್ಕಾಲು ಪಾಲು ರಕ್ಷಣೆ, 13 ಡಿಗ್ರಿಯ ಮದ್ರಾಸ್ ಕಡೆ ಲಸಿಕೆ ಪಡೆದ 88,391 ಮಂದಿಯಲ್ಲಿ 505 ಜನರಿಗೆ ಕ್ಷಯ, ಪಡೆಯದ ಅಷ್ಟೇ ಮಂದಿಯಲ್ಲಿ 499. ಶಿರಸಿ, ಕಾರವಾರ ಇರುವುದು 14ರ ಆಸುಪಾಸು. 0.49 ಯಾವ ಊರಿನ ಉತ್ತರ? ಮಕ್ಕಳಿಗೆ ಬಿಸಿಜಿ ಬೇಡವೇ ಎಂದು ಓಡಬೇಡಿ, ಮಿದುಳು ಜ್ವರದಂಥ ಘೋರ ರೂಪದ ಕ್ಷಯದಿಂದ ಎಳೆಯ ಮಕ್ಕಳನ್ನು ಅದು ಕಾಯುತ್ತದೆ, ಹಾಕಿಸಿ.

ಹಾಗಾದರೆ ಪ್ರಯೋಗ ಬಿಟ್ಟು ಬೇರೆ ಅಧ್ಯಯನಗಳೆಲ್ಲ ಕಸವೇ ಎಂದು ಕೆಲವರು ಸಿಟ್ಟಾಗುತ್ತಾರೆ. ಅಲ್ಲ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ತಿಳಿದದ್ದು ಯಾರಿಗೂ ಚೀಟಿ ಎತ್ತಿ ಸಿಗರೇಟು ಸೇದಿಸಿ ಅಲ್ಲ. ಬೇರೆ ಬೇರೆ ಬಗೆಯ ಅಧ್ಯಯನಗಳು, ಒಂದೊಂದರ ದೋಷ ಒಂದೊಂದು ದಿಕ್ಕಿಗೆ, ಆದರೂ ಉತ್ತರ ಒಂದೇ ಬಂತು. ಒಂದೇ ದೋಷದ ಇಪ್ಪತ್ತು ಅಧ್ಯಯನಕ್ಕಿಂತ ಬೇರೆ ಬೇರೆ ದೋಷದ ಮೂರು ನನಗೆ ಹೆಚ್ಚು. ಈಗ ನನ್ನ ಬಳಿ ಬರುವವರಿಗೆ ಮೊದಲು ಲ್ಯಾಪ್‌ಟಾಪ್ ಮುಚ್ಚಿಸುತ್ತೇನೆ. ಕಾಗದದ ಮೇಲೆ ಒಂದೊಂದು ಅಧ್ಯಯನಕ್ಕೂ ಒಂದು ಗೆರೆ ಎಳೆಯಬೇಕು. ಇದು ಪ್ರಯೋಗವೇ ಆಗಿದ್ದರೆ ಯಾರು ಸೇರುತ್ತಿದ್ದರು, ಚೀಟಿ ಎತ್ತುವ ದಿನ ಯಾವುದು, ಔಷಧ ಶುರುವಾದ ದಿನ ಯಾವುದು, ಎಣಿಕೆ ಶುರುವಾದ ದಿನ ಯಾವುದು. ಕೊನೆಯ ಮೂರೂ ಒಂದೇ ಚುಕ್ಕೆಯಲ್ಲಿ ಕೂರದಿದ್ದರೆ ಆ ಹಾಳೆ ಬೇರೆ ಕಟ್ಟಿಗೆ. ಅದನ್ನು ಎಸೆಯಬೇಕೆಂದಿಲ್ಲ, ಆದರೆ ಕೂಡಿಸುವ ಮೊದಲು ಅದು ಯಾವ ಕಡೆಗೆ ವಾಲಿದೆ ಎಂದು ಬರೆದಿಡಬೇಕು.

ಹುಡುಗಿ ಮೂರು ವಾರ ಕೂತು ಗೆರೆ ಎಳೆದಳು. ಶುದ್ಧ ಕಟ್ಟಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು, ಅವುಗಳ ಡೈಮಂಡ್ ಗೆರೆಯ ಮೇಲೆಯೇ ಬಂದು ಕೂತಿತು. ಸ್ತನ ಕ್ಯಾನ್ಸರ್ ಆದ 3,649 ಮಂದಿಯ ಮೇಲೆ ನಡೆದ ಮೆಟ್‌ಫಾರ್ಮಿನ್ ಪ್ರಯೋಗವೂ 2022ರಲ್ಲಿ ಪ್ರಯೋಜನವಿಲ್ಲ ಎಂದಿತ್ತು. ಅದು ಸಕ್ಕರೆ ಕಾಯಿಲೆ ಇಲ್ಲದವರಲ್ಲಿ, ಕ್ಯಾನ್ಸರ್ ಮರುಕಳಿಸುವುದರ ಪ್ರಶ್ನೆ, ಆದ್ದರಿಂದ ನೇರ ಉತ್ತರವಲ್ಲ, ಆದರೂ ಪಕ್ಕದಲ್ಲಿಟ್ಟು ನೋಡು ಎಂದೆ. ಅವಳ ಗೈಡಿಗೆ ಖುಷಿಯಾಗಲಿಲ್ಲ ಅಂತ ಕಾಣುತ್ತದೆ, ಮೊದಲಿನದೇ ಚೆನ್ನಾಗಿತ್ತಲ್ಲ ಎಂದರಂತೆ.

ಇದನ್ನೆಲ್ಲ ಪಕ್ಕದ ಮನೆಯ ಭಟ್ಟರಿಗೆ ಹೇಳುವ ಹಾಗಿರಲಿಲ್ಲ, ಹೇಳಿಬಿಟ್ಟೆ. ಬಾಯಲ್ಲಿದ್ದ ಕವಳ ಉಗಿದು ಬಂದು ಕೇಳಿದರು: "ಹಂಗಾರೆ ಮುಂದಿನ ವರ್ಷ ನಿಂದು ಶಾಂತಿ ಇಲ್ಯನ ತಮಾ?"

ತಾರೀಕು ಆಗಲೇ ಗೊತ್ತು ಮಾಡಿಸಿದ್ದೇನೆ. ತೊಡದೇವು ಮಾಡಿಸುವುದಾಗಿ ಮನೆಯಲ್ಲಿ ಹೇಳಿದ್ದಾರೆ.