ಮೊಸರು ಹೆಪ್ಪಾಗದ್ದರ ಹಿಂದಿನ ಕಾಳಗ

ಬದಿಯಡ್ಕ, ಪೆರ್ಲದ ಕಡೆಯ ಮನೆಗಳಲ್ಲಿ ನಿನ್ನೆಯ ಮೊಸರೇ ಇವತ್ತಿನ ಹೆಪ್ಪು. ಅದರಲ್ಲಿ ನಾನಾ ತಳಿಯ ಬ್ಯಾಕ್ಟೀರಿಯಾಗಳಿರುತ್ತವೆ. ವೈರಸ್ಸು ಒಂದನ್ನು ಕೊಂದರೂ ಇನ್ನೊಂದು ಹಾಲನ್ನು ಹುಳಿ ಮಾಡುತ್ತದೆ. ದೊಡ್ಡ ಡೇರಿಗೆ ಈ ಅನುಕೂಲವಿಲ್ಲ. ದಿನವೂ ಒಂದೇ ರುಚಿ ಬೇಕೆಂದು ಆಯ್ದ ಕೆಲವೇ ತಳಿಗಳನ್ನು ಬಳಸುತ್ತಾರೆ. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸು, ಅಂದರೆ ಫೇಜ್, ಒಳಹೊಕ್ಕರೆ ಟ್ಯಾಂಕಿನ ಹಾಲು ಹಾಲಾಗಿಯೇ ಉಳಿಯುತ್ತದೆ. ಪಾಶ್ಚರೀಕರಣದ ಬಿಸಿಗೂ ಹಲವು ಫೇಜ್‌ಗಳು ಸಾಯುವುದಿಲ್ಲ.

ಜೀನ್ ಕತ್ತರಿಯ, ಅಂದರೆ ಡಿಎನ್‌ಎಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ಉಪಕರಣದ ಕಥೆಯನ್ನು 2020ರ ನೊಬೆಲ್‌ನಿಂದ ಹೇಳುವುದೇ ರೂಢಿಯಾಗಿದೆ. ಡೇರಿಯವರ ಈ ತಲೆನೋವನ್ನು ಬಿಟ್ಟು ಅದನ್ನು ಹೇಳಿದರೆ ಅರ್ಧ ಕಥೆ ಹೇಳಿದಂತೆ.

ಬ್ಯಾಕ್ಟೀರಿಯಾ ಫೇಜನ್ನು ಎದುರಿಸುತ್ತದೆ ಎಂಬುದರ ಸುಳಿವು ಅದಕ್ಕೂ ಹಿಂದಿನದು, 1950ರ ದಶಕದ್ದು. ಒಂದು ತಳಿಯಲ್ಲಿ ಬೆಳೆದ ಫೇಜ್ ಇನ್ನೊಂದರಲ್ಲಿ ಸೋಲುತ್ತಿತ್ತು. ಕಾರಣ ಹುಡುಕಿದವರು ಜಿನೀವಾದ ವರ್ನರ್ ಆರ್ಬರ್ ಮತ್ತು ಡೇಸಿ ದುಸ್ವಾ. ಬ್ಯಾಕ್ಟೀರಿಯಾದ ಕಿಣ್ವ ಹೊರಗಿನ ಡಿಎನ್‌ಎಯನ್ನು ತುಂಡರಿಸುತ್ತದೆ, ಸ್ವಂತ ಡಿಎನ್‌ಎಗೆ ಮೀಥೈಲ್ ಎಂಬ ರಾಸಾಯನಿಕ ಗುರುತು ಹಚ್ಚಿ ಉಳಿಸಿಕೊಳ್ಳುತ್ತದೆ. ಇಕೊಆರ್‌ಐ ಎಂಬ ಕಿಣ್ವ ಹುಡುಕುವುದು ಡಿಎನ್‌ಎಯಲ್ಲಿನ ಜಿಎಎಟಿಟಿಸಿ ಎಂಬ ಆರಕ್ಷರವನ್ನು. ಈ ಕಾವಲಿಗೊಂದು ದೋಷವಿದೆ: ಕತ್ತರಿ ಬೀಳುವ ಮೊದಲೇ ವೈರಸ್ಸಿಗೂ ಆ ಗುರುತು ಹತ್ತಿಬಿಟ್ಟರೆ, ಅದರ ಮರಿಗಳಿಗೆಲ್ಲ ಬಾಗಿಲು ತೆರೆದಂತೆ. 1978ರಲ್ಲಿ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್, ಡೇನಿಯಲ್ ನೇಥನ್ಸ್ ಅವರಿಗೆ ನೊಬೆಲ್ ಬಂತು. ದುಸ್ವಾ ಹೆಸರು ಪಟ್ಟಿಯಲ್ಲಿರಲಿಲ್ಲ.

ಎರಡನೆಯ ಕಾವಲು ನೆನಪಿನದು. 1987ರಲ್ಲಿ ಒಸಾಕಾದ ಇಶಿನೊ ತಂಡಕ್ಕೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಒಂದೇ ಸಾಲು ಕಂಡಿತು, ಅರ್ಥವಾಗಲಿಲ್ಲ. ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ ಉಪ್ಪುನೀರಿನ ಸೂಕ್ಷ್ಮಜೀವಿಗಳಲ್ಲೂ ಅಂಥದ್ದನ್ನೇ ಕಂಡರು. ಆ ಸಾಲುಗಳ ನಡುವಿನ ತುಣುಕುಗಳು ವೈರಸ್ಸಿನವು ಎಂದು 2005ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ತೋರಿಸಿದವು.

ಈ ತುಣುಕುಗಳೇ ರಕ್ಷಣೆ ಎಂದು ಸಾಬೀತು ಮಾಡಿದ್ದು ಮಾತ್ರ ಡೇರಿಗಳಿಗೆ ಹೆಪ್ಪು ತಯಾರಿಸುತ್ತಿದ್ದ ಡ್ಯಾನಿಸ್ಕೊ ಕಂಪನಿಯ ಬರಾಂಗು, ಹೊರ್ವಾತ್ ಮತ್ತು ಜೊತೆಗಾರರು, 2007ರಲ್ಲಿ, ಮೊಸರಿನ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್‌ನ ಮೇಲೆ. ಫೇಜ್ ದಾಳಿಯಲ್ಲಿ ಬದುಕಿ ಉಳಿದವುಗಳಲ್ಲಿ ಆ ಫೇಜಿನದೇ ಹೊಸ ತುಣುಕು ಸೇರಿಕೊಂಡಿತ್ತು. ತುಣುಕು ತೆಗೆದರೆ ರಕ್ಷಣೆ ಹೋಯಿತು, ಸೇರಿಸಿದರೆ ಬಂತು. ತುಣುಕಿನಿಂದ ನಕಲಾದ ಆರ್‌ಎನ್‌ಎ ದಾರಿ ತೋರಿಸುತ್ತದೆ, ಕ್ಯಾಸ್ ಪ್ರೋಟೀನು ಕತ್ತರಿಸುತ್ತದೆ. ಈ ಜೋಡಿಯನ್ನೇ 2012ರಲ್ಲಿ, ಮುಂದೆ 2020ರ ನೊಬೆಲ್ ಪಡೆದ ಶಾರ್ಪಾಂಟಿಯೆ ಮತ್ತು ಡೌಡ್ನಾ ಬೇಕಾದಲ್ಲಿ ಕತ್ತರಿಸುವ ಉಪಕರಣವಾಗಿಸಿದರು.

ಫೇಜ್ ಸುಮ್ಮನಿರಲಿಲ್ಲ. ಒಂದಕ್ಷರ ಬದಲಿಸಿಕೊಂಡೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಈ ವ್ಯವಸ್ಥೆಯನ್ನೇ ಕಟ್ಟಿಹಾಕುವ ಜೀನ್‌ಗಳು ಕೆಲವು ಫೇಜ್‌ಗಳಲ್ಲಿ ಇವೆಯೆಂದು 2013ರಲ್ಲಿ ಗೊತ್ತಾಯಿತು. ಹಾಗಾಗಿ ಡೇರಿಗಳು ಈಗಲೂ ತಳಿಗಳನ್ನು ಸರದಿಯಂತೆ ಬದಲಿಸುತ್ತಲೇ ಇರುತ್ತವೆ.