ಬೆಟರ್ ದ್ಯಾನ್ ಆವರೇಜ್ ಎಫೆಕ್ಟ್ ಅಂದ್ರೇನು? ಎಲ್ರೂ ಒಳ್ಳೆ ಡ್ರೈವರ್ರೇ!

ಗಾಡಿ ಓಡ್ಸೋರು ಯಾರನ್ನಾದ್ರೂ ಕೇಳಿ, ನಿಮ್ ಡ್ರೈವಿಂಗ್ ಹೆಂಗೆ ಅಂತ. "ನಂದೇನ್ ತೊಂದ್ರೆ ಇಲ್ಲ ಕಣ್ರೀ, ಮಿಕ್ಕೋರಿಗೆ ಓಡ್ಸೋಕ್ ಬರಲ್ಲ" ಅಂತಾರೆ. ಸೈಕಾಲಜಿಲಿ ಇದನ್ನ ಬೆಟರ್ ದ್ಯಾನ್ ಆವರೇಜ್ ಎಫೆಕ್ಟ್ ಅಂತ ಕರೀತಾರೆ, ಇಲ್ಯೂಸರಿ ಸುಪೀರಿಯಾರಿಟಿ ಅಂತಾನೂ ಹೇಳ್ತಾರೆ. ಅಂದ್ರೆ ಒಂದು ಕೆಲಸದಲ್ಲಿ ಬೇರೆಯವರಿಗಿಂತ ನಾನು ಒಂದು ಕೈ ಮೇಲು ಅಂತ ಮುಕ್ಕಾಲುವಾಸಿ ಜನ ನಂಬ್ಕೊಂಡಿರೋದು, ಅಷ್ಟೂ ಜನ ಮೇಲಿರೋಕೆ ಲೆಕ್ಕದಲ್ಲಿ ಜಾಗನೇ ಇಲ್ಲ ಅಂದ್ರೂ.

ಇದಕ್ಕೆ ಎಲ್ರೂ ಕೊಡೋ ಉದಾಹರಣೆ 1981ರದ್ದು. ಓಲಾ ಸ್ವೆನ್ಸನ್ ಅನ್ನೋ ಸ್ವೀಡನ್ ಸಂಶೋಧಕರು ಅಮೆರಿಕ ಮತ್ತೆ ಸ್ವೀಡನ್ನಿನ ವಿದ್ಯಾರ್ಥಿಗಳನ್ನ ಕೂರಿಸಿ, ಈ ಗುಂಪಲ್ಲಿ ನಿಮ್ ಡ್ರೈವಿಂಗ್ ಎಲ್ಲಿ ನಿಲ್ಲತ್ತೆ ಅಂತ ಕೇಳಿದ್ರು. ಅಮೆರಿಕದವ್ರಲ್ಲಿ 93% ಜನ ನಾನು ಮೇಲಿನ ಅರ್ಧದಲ್ಲಿದೀನಿ ಅಂದ್ರು! ಸ್ವೀಡನ್ನಿನವ್ರು ಸ್ವಲ್ಪ ಸಂಕೋಚದವ್ರು, 69%. ಅರ್ಧ ಅಂದ್ರೆ 50 ತಾನೇ?

ಅದಕ್ಕಿಂತ ಮಜಾ 1965ರ ಸಿಯಾಟಲ್ ಸ್ಟಡಿ. ಆಕ್ಸಿಡೆಂಟ್ ಮಾಡ್ಕೊಂಡು ಆಸ್ಪತ್ರೆ ಸೇರಿದ್ದ ಡ್ರೈವರ್‌ಗಳನ್ನ ಕೇಳಿದ್ರೆ, ಆಕ್ಸಿಡೆಂಟೇ ಮಾಡ್ದೇ ಇರೋರು ತಮಗೆ ಎಷ್ಟು ಮಾರ್ಕ್ಸ್ ಕೊಟ್ಕೊಂಡ್ರೋ ಹೆಚ್ಚುಕಮ್ಮಿ ಅಷ್ಟೇ ಇವ್ರೂ ಕೊಟ್ಕೊಂಡ್ರಂತೆ.

ಇದನ್ನ ಬರೀ ಜಂಬ ಅಂತ ತಳ್ಳಿಹಾಕೋದು ನಂಗೆ ಸರಿ ಅನ್ಸಲ್ಲ. ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದ್ಳು ಅಂತೀವಲ್ಲ, ಅವಳಿಗೆ ಒಳಗೊಳಗೆ ಗೊತ್ತಿತ್ತು ಕುಣಿಯೋಕ್ ಬರಲ್ಲ ಅಂತ. ಇಲ್ಲಿ ಆಸಾಮಿಗೆ ಗೊತ್ತೇ ಇಲ್ಲ. ಯಾಕಂದ್ರೆ "ಒಳ್ಳೆ ಡ್ರೈವಿಂಗ್" ಅಂದ್ರೆ ಏನು ಅಂತ ಯಾರೂ ಫಿಕ್ಸ್ ಮಾಡಿಲ್ಲ. ಸಿಲ್ಕ್ ಬೋರ್ಡ್ ಹತ್ರ ಎರಡು ಬಸ್ ಮಧ್ಯೆ ಬೈಕ್ ನುಗ್ಸೋ ಹುಡುಗಂಗೆ ನುಗ್ಗೋದೇ ಸ್ಕಿಲ್ಲು, ರಿಂಗ್ ರೋಡಲ್ಲಿ ಬಲಗಡೆ ಲೇನ್ ಹಿಡ್ಕೊಂಡು 30ರಲ್ಲಿ ಹೋಗೋ ಅಂಕಲ್ಲಿಗೆ ನಿಧಾನವೇ ಸ್ಕಿಲ್ಲು, ಇಬ್ರೂ ಅವರವರ ಸ್ಕೇಲಲ್ಲಿ ಅಳ್ಕೊಂಡು ಫಸ್ಟ್ ಕ್ಲಾಸಲ್ಲಿ ಪಾಸು.

ಇನ್ನೊಂದು, ತಪ್ಪು ಮಾಡಿದ್ರೆ ಹೇಳೋರಿಲ್ಲ. ಆರ್‌ಟಿಓದಲ್ಲಿ ಎಂಟು ಹಾಕಿ ಡಿಎಲ್ ತಗೊಂಡ್ಮೇಲೆ ವರ್ಷಗಟ್ಟಲೆ ಯಾವ ಟೆಸ್ಟೂ ಇಲ್ಲ. ಹಿಂದಿನವ್ನು ಹಾರ್ನ್ ಹೊಡೆದ್ರೂ ಅವ್ನಿಗೇ ಅರ್ಜೆಂಟು ಅಂದ್ಕೊಳ್ತೀವಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನೋಡಿ ಬೇಕಾದ್ರೆ, ಸೆಕ್ಯೂರಿಟಿಯವ್ರು ಹಿಂದೆ ನಿಂತು "ಬರ್ಲಿ ಬರ್ಲಿ, ರೈಟ್ ಕಟ್ ಮಾಡಿ ಸಾರ್, ಇನ್ನೂ ಬರ್ಲಿ, ಸಾಕ್ ಸಾಕ್ ಸಾಕ್" ಅಂತ ಡಿಕ್ಕಿ ಮೇಲೆ ತಟ್ಟಿ ನಿಲ್ಸಿರ್ತಾರೆ, ಓನರ್ ಇಳಿದು ಪಿಲ್ಲರ್‌ಗೂ ಕಾರಿಗೂ ಇರೋ ನಾಲ್ಕು ಬೆರಳು ಗ್ಯಾಪ್ ನೋಡಿ ಹೆಂಡ್ತಿಗೆ ಹೇಳ್ತಾರೆ, "ನೋಡಿದ್ಯಾ ಹೆಂಗ್ ಹಾಕ್ದೆ?"

ಹಂಗಂತ ಎಲ್ಲಾ ಕೆಲಸದಲ್ಲೂ ಹಿಂಗಾಗಲ್ಲ, ಈ ಭಾಗನ ಜನ ಬಿಟ್ಟೇಬಿಡ್ತಾರೆ. 1999ರಲ್ಲಿ ಜಸ್ಟಿನ್ ಕ್ರೂಗರ್ ಅನ್ನೋ ಸೈಕಾಲಜಿಸ್ಟ್ ತೋರಿಸಿದ್ದು ಏನಂದ್ರೆ ಮೌಸ್ ಹಿಡಿಯೋದು, ಸೈಕಲ್ ಓಡ್ಸೋದು ಥರ ಸುಲಭದ ಕೆಲಸದಲ್ಲಿ ಜನ ತಮ್ಮನ್ನ ಮೇಲಿಟ್ಕೊಳ್ತಾರೆ, ಚೆಸ್ಸು, ಪ್ರೋಗ್ರಾಮಿಂಗು, ಮೂರ್ನಾಲ್ಕು ಚೆಂಡು ಎಸೆದು ಹಿಡಿಯೋ ಜಗ್ಲಿಂಗು ಅಂದ್ರೆ ಉಲ್ಟಾ, ನಾನು ಎಲ್ರಿಗಿಂತ ದಡ್ಡ ಅಂತಾರೆ. ಬೇರೆಯವ್ರಿಗೂ ಅದು ಅಷ್ಟೇ ಸುಲಭ, ಅಷ್ಟೇ ಕಷ್ಟ ಅನ್ನೋದು ತಲೆಗೇ ಬರಲ್ಲ. (ಹೌದು, ಡನ್ನಿಂಗ್-ಕ್ರೂಗರ್ ಎಫೆಕ್ಟ್ ಅಂತಾರಲ್ಲ, ಅದರ ಕ್ರೂಗರ್ರೇ ಇವ್ರು. ಆದ್ರೆ ಅದು ಬೇರೆ ವಿಷ್ಯ, ಅದು ಕೆಲಸ ಬರ್ದೇ ಇರೋರಿಗೆ ಬರಲ್ಲ ಅನ್ನೋದೂ ತಿಳಿಯಲ್ಲ ಅನ್ನೋದರ ಬಗ್ಗೆ, ಎರಡನ್ನೂ ಕಲಸಬೇಡಿ.)

ಅದೇ ಜೋಡಿಯ ಇನ್ನೊಬ್ಬ ಸೈಕಾಲಜಿಸ್ಟ್ ಡೇವಿಡ್ ಡನ್ನಿಂಗ್ ಮತ್ತೆ ಜೊತೆಯವ್ರು 1989ರಲ್ಲೇ ಇನ್ನೊಂದು ನೋಡಿದ್ರು: ಗುಣ ಅಳೆಯೋಕೆ ಖಚಿತವಾದ ಪಟ್ಟಿ ಕೊಟ್ಬಿಟ್ರೆ ಜನ ತಮಗೆ ಕೊಟ್ಕೊಳ್ಳೋ ಮಾರ್ಕ್ಸ್ ಇಳಿಯತ್ತೆ. ಹಂಗಾಗಿ ಯಾರಾದ್ರೂ ನಾನು ಸೂಪರ್ ಡ್ರೈವರ್ ಅಂದ್ರೆ ವಾದ ಮಾಡೋಕ್ ಹೋಗ್ಬೇಡಿ, ಟರ್ನ್ ತಗೊಳ್ಳೋಕ್ ಮುಂಚೆ ಇಂಡಿಕೇಟರ್ ಹಾಕ್ತೀರಾ, ಜೀಬ್ರಾ ಕ್ರಾಸಿಂಗ್ ಹಿಂದೆ ನಿಲ್ಲಿಸ್ತೀರಾ, ರಾತ್ರಿ ಎದುರುಗಡೆ ಗಾಡಿ ಬಂದ್ರೆ ಹೈ ಬೀಮ್ ಇಳಿಸ್ತೀರಾ ಅಂತ ಒಂದೊಂದಾಗಿ ಕೇಳಿ.